ಕಾಲಿಗೆ ಮೈ ಸವರಿದ ಬೆಕ್ಕನ್ನು ಮನೆಗೆ ತರುವುದು ಹೇಗೆ?

ಪ್ರಾಣಿಗಳ ಆಶ್ರಯಧಾಮದಲ್ಲಿ ಬಾಲ ನೆಟ್ಟಗೆ ಎತ್ತಿಕೊಂಡು ಬಂದು, ಕಾಲಿಗೆ ಮೈ ಸವರಿ ಗುರುಗುರು ಅನ್ನುವ ಬೆಕ್ಕು ಕಂಡರೆ ಅಲ್ಲೇ ತೀರ್ಮಾನವಾಗಿಬಿಡುತ್ತದೆ. ದತ್ತು ಹೋಗಿ ವಾರದೊಳಗೆ ವಾಪಸ್ ಬರುವ ಬೆಕ್ಕುಗಳಲ್ಲಿ ಇಂಥವೂ ಇರುತ್ತವೆ. ‘ಅಲ್ಲಿ ಅಷ್ಟು ಹಚ್ಚಿಕೊಂಡಿತ್ತು, ಇಲ್ಲಿ ಮಂಚದಡಿಯಿಂದ ಹೊರಗೇ ಬರ್ತಿಲ್ಲ’ ಅನ್ನುವುದು ಸಾಮಾನ್ಯ ದೂರು. ಬೆಕ್ಕಿಗೆ ಜಾಗದ ವಾಸನೆ ಪರಿಚಯವಾಗುವವರೆಗೆ ಮನುಷ್ಯರ ಮೇಲೆ ಗಮನವೇ ಹೋಗುವುದಿಲ್ಲ. ಅದಕ್ಕೆ ಬೇಕಾದ ಸಮಯವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್‌ನಂಥ ಸಂಸ್ಥೆಗಳಲ್ಲಿ ವಿಚಾರಿಸಬಹುದು. ದತ್ತು ಕೊಡಲು ಬೆಕ್ಕು ಇದೆಯೇ ಎಂದು ಫೋನ್ ಮಾಡಿಕೊಂಡೇ ಹೋಗಿ. ಗುರುತಿನ ಚೀಟಿ, ವಿಳಾಸದ ದಾಖಲೆ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ ಕೇಳುವುದುಂಟು, ಮನೆ ನೋಡಲು ಬರುವುದೂ ಉಂಟು. ಬೇಸರ ಮಾಡಿಕೊಳ್ಳಬೇಡಿ, ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಅವರ ಎಚ್ಚರಿಕೆ ಅದಕ್ಕೇ.

ಮರಿಯೇ ಬೇಕೆಂದು ಹಟ ಬೇಡ

ಎರಡು ತಿಂಗಳ ಮರಿ ಮುಂದೆ ಯಾವ ಸ್ವಭಾವದ್ದಾಗುತ್ತದೆಂದು ಯಾರೂ ಹೇಳಲಾರರು. ಎರಡು ವರ್ಷದ ಬೆಕ್ಕಿನ ಸ್ವಭಾವ ಕಣ್ಣೆದುರೇ ಇರುತ್ತದೆ. ಮೊದಲ ಸಲ ಸಾಕುವವರಿಗೆ, ಹಗಲೆಲ್ಲ ಕೆಲಸಕ್ಕೆ ಹೋಗುವವರಿಗೆ ದೊಡ್ಡ ಬೆಕ್ಕೇ ವಾಸಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಗಾಯವೆಂದುಕೊಳ್ಳಬೇಡಿ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ ಗುರುತು ಅದು.

ಅಲ್ಲಿ ಹೋದಾಗ ಎತ್ತಿಕೊಳ್ಳಲು ಅವಸರ ಮಾಡದೆ ನೆಲದ ಮೇಲೆ ಕೂತುಬಿಡಿ. ತೋರುಬೆರಳನ್ನು ಬೆಕ್ಕಿನ ಮೂಗಿನ ಮಟ್ಟಕ್ಕೆ, ಒಂದು ಗೇಣು ದೂರದಲ್ಲಿ ಹಿಡಿಯಿರಿ. ಮೂಸಿ ನೋಡಿ ಕೆನ್ನೆ ಉಜ್ಜಿದರೆ ಅನುಮತಿ ಸಿಕ್ಕಿತು ಅಂತ. ಕೆನ್ನೆ, ಗಲ್ಲ, ಕಿವಿಯ ಬುಡ ಇಷ್ಟನ್ನೇ ಮೂರು ಸೆಕೆಂಡು ಸವರಿ ಕೈ ಹಿಂದಕ್ಕೆ ತೆಗೆಯಿರಿ. ಇನ್ನೂ ಬೇಕಿದ್ದರೆ ಬೆಕ್ಕೇ ತಲೆ ಒಡ್ಡುತ್ತದೆ. ಬಾಲದ ತುದಿ ಪಟಪಟ ಬಡಿಯತೊಡಗಿದರೆ, ಬೆನ್ನಿನ ಚರ್ಮ ಅಲೆಯಂತೆ ಕಂಪಿಸಿದರೆ, ಕಿವಿ ಪಕ್ಕಕ್ಕೆ ತಿರುಗಿದರೆ ಅಲ್ಲಿಗೆ ನಿಲ್ಲಿಸಿ. ‘ಮುದ್ದು ಮಾಡ್ತಾ ಇದ್ದಾಗಲೇ ಕಚ್ಚಿಬಿಡ್ತು’ ಅನ್ನುವವರು ಈ ಸೂಚನೆಗಳನ್ನು ನೋಡಿರುವುದಿಲ್ಲ. ಹಾಗೆ ಕಚ್ಚಿದರೆ, ಆಳವಾಗಿ ಪರಚಿದರೆ ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು.

ಕಣ್ಣಲ್ಲಿ ಪಿಸುರು, ಸೀನು, ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕೊಳೆ (ಇದು ಕಿವಿ ನುಸಿ), ಕೂದಲು ಉದುರಿದ ದುಂಡನೆ ಮಚ್ಚೆ (ಹುಳುಕಡ್ಡಿ, ಮನುಷ್ಯರಿಗೂ ಅಂಟುತ್ತದೆ) ಇವೆಯೇ ನೋಡಿ. ಇದ್ದರೆ ಚಿಕಿತ್ಸೆ ಮುಗಿದ ಮೇಲೆ ಕರೆದೊಯ್ಯುವುದಾಗಿ ಹೇಳಬಹುದು.

ಕಾಗದದಲ್ಲಿ ಇರಬೇಕಾದದ್ದು: ಪ್ಯಾನ್‌ಲ್ಯುಕೋಪೀನಿಯಾ (ವಾಂತಿಭೇದಿಯಿಂದ ಮರಿಗಳನ್ನು ಕೊಲ್ಲುವ ವೈರಾಣು ರೋಗ) ಮತ್ತು ಎರಡು ಬಗೆಯ ಬೆಕ್ಕಿನ ಶೀತಜ್ವರಕ್ಕೆ ಒಟ್ಟಿಗೆ ಕೊಡುವ ಲಸಿಕೆ, ರೇಬೀಸ್ ಲಸಿಕೆ, ಜಂತುಹುಳು ಮಾತ್ರೆ ಕೊಟ್ಟ ದಿನಾಂಕ. ಮನೆಯಲ್ಲಿ ಆಗಲೇ ಬೆಕ್ಕಿದ್ದರೆ ಎಫ್‌ಐವಿ, ಎಫ್‌ಇಎಲ್‌ವಿ (ಬೆಕ್ಕಿನಿಂದ ಬೆಕ್ಕಿಗೆ ಹರಡಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಎರಡು ವೈರಾಣು) ರಕ್ತಪರೀಕ್ಷೆಯನ್ನೂ ಮಾಡಿಸಿ. ಇತ್ತೀಚೆಗೆ ಮನೆಯಲ್ಲಿ ವಾಂತಿಭೇದಿಯಿಂದ ಬೆಕ್ಕಿನ ಮರಿ ಸತ್ತಿದ್ದರೆ ಅದನ್ನು ಮುಚ್ಚಿಡಬೇಡಿ. ಪ್ಯಾನ್‌ಲ್ಯುಕೋಪೀನಿಯಾ ವೈರಾಣು ಮನೆಯ ಮೂಲೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಬೆಕ್ಕು ಬರಕೂಡದು.

ಬೆಕ್ಕು ಬರುವ ಮೊದಲು

ಮೊದಲು ಕಿಟಕಿ, ಬಾಲ್ಕನಿ. ಗ್ರಿಲ್ಲಿನ ಸಂದಿಯಲ್ಲಿ ತಲೆ ತೂರಿದರೆ ಸಾಮಾನ್ಯವಾಗಿ ಮೈಯೂ ತೂರುತ್ತದೆ. ಅಂಟುಪಟ್ಟಿಯ ಸೊಳ್ಳೆಪರದೆ ಬೆಕ್ಕಿನ ಭಾರಕ್ಕೆ ಕಿತ್ತು ಬರುತ್ತದೆ, ನೈಲಾನಿನ ಪಾರಿವಾಳದ ಬಲೆಯನ್ನು ಕೆಲವು ಬೆಕ್ಕುಗಳು ಕಚ್ಚಿ ತುಂಡರಿಸುತ್ತವೆ. ಒಂದು ಅಂಗುಲಕ್ಕಿಂತ ಸಣ್ಣ ಕಣ್ಣಿನ ತಂತಿಜಾಲರಿ ಗಟ್ಟಿ.

ಆಮೇಲೆ ಒಂದು ಕೋಣೆ. ಇಡೀ ಮನೆ ಬೇಡ, ಒಂದೇ ಕೋಣೆ. ಒಂದು ಮೂಲೆಯಲ್ಲಿ ನೀರು, ಊಟ; ಎದುರು ಮೂಲೆಯಲ್ಲಿ ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಮರಳಿನಂಥ ಹರಳು, ಅಂದರೆ ಲಿಟರ್, ಹರಡಿದ ತಟ್ಟೆ). ಅಡಗಿಕೊಳ್ಳಲು ಎರಡು ಕಡೆ ತೂತು ಮಾಡಿದ ರಟ್ಟಿನ ಡಬ್ಬ. ಮಂಚದಡಿ, ಬೀರು ಹಿಂದಿನ ಸಂದಿಗಳನ್ನು ಮುಚ್ಚಿಬಿಡಿ, ಕೈಗೆ ಸಿಗದ ಕಡೆ ಸೇರಿಕೊಂಡರೆ ಔಷಧಿ ಕೊಡುವುದೂ ಕಷ್ಟ.

ಟ್ರೇ ಸುಮಾರು 2 ಅಡಿ ಉದ್ದ, ಒಂದೂವರೆ ಅಡಿ ಅಗಲವಿರಲಿ. ಒದ್ದೆಯಾದರೆ ಉಂಡೆಯಾಗಿ ಗಟ್ಟಿಕಟ್ಟುವ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರ್ ಅನ್ನು 2ರಿಂದ 3 ಅಂಗುಲ ದಪ್ಪಕ್ಕೆ ಹರಡಿ. ಸುವಾಸನೆ ಹಾಕಿದ್ದು ನಮಗೆ ಹಿತ, ಬೆಕ್ಕಿನ ಮೂಗಿಗೆ ಹಿಂಸೆ. ಬೀದಿಯಲ್ಲಿ ಬೆಳೆದ ಬೆಕ್ಕಿಗೆ ಮಣ್ಣು, ಮರಳಿನ ರೂಢಿ ಇರುತ್ತದೆ. ಟ್ರೇ ಬಿಟ್ಟು ಕುಂಡದಲ್ಲಿ ಗಲೀಜು ಮಾಡಿದರೆ ಜರಡಿ ಹಿಡಿದ ಮರಳನ್ನು ಅರ್ಧಕ್ಕರ್ಧ ಬೆರೆಸಿ, ನಾಲ್ಕೈದು ದಿನಕ್ಕೊಮ್ಮೆ ಮರಳು ಕಡಿಮೆ ಮಾಡುತ್ತ ಬನ್ನಿ. ಆಶ್ರಯಧಾಮದಿಂದಲೇ ಬಳಸಿದ ಲಿಟರ್ ಒಂದು ಹಿಡಿ ತಂದು ಮೇಲೆ ಉದುರಿಸಿದರೆ ಇನ್ನೂ ಬೇಗ ಕಲಿಯುತ್ತದೆ. ದಿನಕ್ಕೆರಡು ಸಲ ಬಾಚಿ ತೆಗೆಯಲೇಬೇಕು. ಗರ್ಭಿಣಿಯರು ಈ ಕೆಲಸವನ್ನು ಮನೆಯ ಬೇರೆಯವರಿಗೆ ಬಿಡಲಿ: ಮಲದಲ್ಲಿ ಗರ್ಭದ ಮಗುವಿಗೆ ಅಪಾಯ ತರುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇದ್ದರೆ ಒಂದು ದಿನ ಕಳೆದ ಮೇಲೆ ಅದು ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತದೆ.

ತರುವ ದಿನ

ದೀಪಾವಳಿಯ ವಾರ, ಮನೆಯಲ್ಲಿ ನೆಂಟರು ತುಂಬಿದ ದಿನ ಬೇಡ. ಸ್ಕೂಟರಿನಲ್ಲಿ ಕೈಚೀಲದೊಳಗೆ ತರುವ ಸಾಹಸವಂತೂ ಬೇಡವೇ ಬೇಡ. ಬೆಕ್ಕನ್ನು ಒಯ್ಯುವ, ಬಾಗಿಲಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ (ಕ್ಯಾರಿಯರ್) ತೆಗೆದುಕೊಂಡು ಹೋಗಿ. ಮುಂದಿನಿಂದ ತಳ್ಳಿದರೆ ಬೆಕ್ಕು ನಾಲ್ಕೂ ಕಾಲು ಅಗಲಿಸಿ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಕ್ಯಾರಿಯರ್ ಅನ್ನು ಬಾಗಿಲು ಮೇಲಕ್ಕೆ ಬರುವಂತೆ ನಿಲ್ಲಿಸಿ, ಬೆಕ್ಕಿನ ಹಿಂಗಾಲು ಹಿಡಿದು ಬಾಲದ ಕಡೆಯಿಂದ ಇಳಿಸಿ, ಮೇಲೆ ಟವೆಲ್ ಹೊದಿಸಿ. ಅದು ಅಲ್ಲಿ ಮಲಗುತ್ತಿದ್ದ ಬಟ್ಟೆಯ ತುಂಡನ್ನು ಕೇಳಿ ಪಡೆಯಿರಿ, ತೊಳೆಯಬೇಡಿ.

ಮೊದಲ ದಿನಗಳು

ಕೋಣೆಯಲ್ಲಿ ಕ್ಯಾರಿಯರ್ ಬಾಗಿಲು ತೆರೆದಿಟ್ಟು ಹೊರಬನ್ನಿ. ಒಂದೆರಡು ದಿನ ಹಗಲು ಡಬ್ಬದೊಳಗೇ ಇದ್ದು, ರಾತ್ರಿ ಎಲ್ಲರೂ ಮಲಗಿದ ಮೇಲೆ ತಿನ್ನುವುದು ಸಹಜ. ಬೆಳಿಗ್ಗೆ ತಟ್ಟೆ ಖಾಲಿಯಾಗಿ, ಟ್ರೇಯಲ್ಲಿ ಮೂತ್ರದ ಉಂಡೆ ಕಂಡರೆ ಎಲ್ಲವೂ ಸರಿಯಾಗಿದೆ. ದಿನಕ್ಕೆ ಮೂರು ನಾಲ್ಕು ಸಲ ಹೋಗಿ ಹತ್ತು ನಿಮಿಷ ನೆಲದ ಮೇಲೆ ಕೂತು ಪೇಪರ್ ಓದಿ. ದಿಟ್ಟಿಸಿ ನೋಡಬೇಡಿ, ಕಣ್ಣಿಗೆ ಕಣ್ಣು ಸಿಕ್ಕಾಗ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಮಕ್ಕಳಿಗೆ ಒಂದೇ ನಿಯಮ: ಅದು ನಿನ್ನ ಹತ್ತಿರ ಬರಲಿ, ನೀನು ಎಳೆಯಬೇಡ.

ಬೆಕ್ಕು ತಾನಾಗಿ ಬಂದು ಬಾಗಿಲ ಬಳಿ ಕೂಗತೊಡಗಿದಾಗ ಉಳಿದ ಮನೆ ತೋರಿಸಬಹುದು. ಹಳೆಯ ಬೆಕ್ಕಿದ್ದರೆ ಮಾತ್ರ ಕನಿಷ್ಠ ಹತ್ತು ಹದಿನಾಲ್ಕು ದಿನ ಮುಖಾಮುಖಿ ಬೇಡ. ಅಷ್ಟರಲ್ಲಿ ಅಡಗಿರುವ ರೋಗ ಹೊರಬೀಳುತ್ತದೆ, ಎರಡರ ಬಟ್ಟೆಗಳನ್ನು ಅದಲುಬದಲು ಮಾಡಿ ವಾಸನೆ ಪರಿಚಯಿಸಲೂ ಸಮಯ ಸಿಗುತ್ತದೆ.

ಹಾಲನ್ನ ಹಾಕಿದರೆ ಸಾಲದು

ನಮ್ಮಲ್ಲಿ ಬೆಕ್ಕೆಂದರೆ ಹಾಲು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ. ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಇಲ್ಲದಿದ್ದರೆ ದೃಷ್ಟಿ ಮತ್ತು ಹೃದಯ ಕೆಡುತ್ತವೆ, ನಾಯಿಯ ಆಹಾರದಲ್ಲೂ ಅದು ಬೆಕ್ಕಿಗೆ ಸಾಕಾಗುವಷ್ಟು ಇರುವುದಿಲ್ಲ. ಮಾಂಸ ಬೇಯಿಸದ ಮನೆಯಾದರೆ ಪ್ಯಾಕೆಟ್ಟಿನ ಬೆಕ್ಕಿನ ಆಹಾರವನ್ನಾದರೂ ಒಪ್ಪಲೇಬೇಕು. ಅದೂ ಆಗದೆಂದರೆ ಬೆಕ್ಕು ತರದಿರುವುದೇ ಒಳ್ಳೆಯದು. 4 ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಸುಮಾರು 50ರಿಂದ 60 ಗ್ರಾಂ ಒಣ ಆಹಾರ ಸಾಕು. ಮೊದಲ ವಾರ ಆಶ್ರಯಧಾಮದಲ್ಲಿ ಕೊಡುತ್ತಿದ್ದುದನ್ನೇ ಕೊಟ್ಟು, ಮುಂದಿನ ವಾರ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸಿ. ಉಪ್ಪು, ಮಸಾಲೆ, ಮೂಳೆ ಯಾವುದೂ ಇಲ್ಲದ ಬೇಯಿಸಿದ ಕೋಳಿ ಆಗಾಗ ಆಗಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ರಕ್ತಕಣಗಳನ್ನು ಒಡೆಯುತ್ತದೆ.

ಕಾಯಬಾರದ ಸಂದರ್ಭಗಳು

ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಅದನ್ನು ಮಲಬದ್ಧತೆ ಎಂದುಕೊಂಡು ರಾತ್ರಿ ಕಳೆದವರು ಬೆಕ್ಕನ್ನು ಕಳೆದುಕೊಳ್ಳುತ್ತಾರೆ. ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಒಂದು ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡು ಮೂರು ದಿನ ಉಪವಾಸವಿದ್ದರೆ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿಗೆ ಕೊಬ್ಬು ತುಂಬಿ ಹೊಸ ಕಾಯಿಲೆ ಶುರುವಾಗುತ್ತದೆ. ಮೈ ಬಿಸಿಯಿದೆಯೆಂದು ಮನೆಯ ಪ್ಯಾರಾಸಿಟಮಾಲ್ ಮುರಿದು ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಪರ್ಮೆಥ್ರಿನ್ ಇರುವ ನಾಯಿಯ ಉಣ್ಣಿ ಔಷಧವೂ ಹಾಗೆಯೇ, ಹೂದಾನಿಯಲ್ಲಿಟ್ಟ ಲಿಲಿಯೂ ಹಾಗೆಯೇ. ರಾತ್ರಿಯೂ ತೆರೆದಿರುವ ಪ್ರಾಣಿ ಚಿಕಿತ್ಸಾಲಯ ಹತ್ತಿರದಲ್ಲಿ ಯಾವುದಿದೆ ಎಂದು ಬೆಕ್ಕು ಬರುವ ಮುಂಚೆಯೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.