ಕಲರ್ ಫಿಲ್ಮ್ ತೊಳೆಯುವ ಕೆಮಿಕಲ್ ಮನೆಯಲ್ಲೇ ಮಾಡಿಕೊಳ್ಳಿ

ಕಪ್ಪು-ಬಿಳುಪು ರೋಲನ್ನು ಮನೆಯಲ್ಲೇ ತೊಳೆಯುವವರು ಕೂಡ ಕಲರ್ ಅಂದ ಕೂಡಲೇ ಹಿಂದೆ ಸರಿಯುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಕಲರ್ ನೆಗೆಟಿವ್‌ಗೆ ಇಂದು ಎಲ್ಲೆಡೆ ಬಳಸುವುದು ಸಿ-41 ಪ್ರೊಸೆಸ್. ಕೊಡಾಕ್ 1972ರಲ್ಲಿ ತಂದದ್ದು. ಇದಕ್ಕೆ ಬೇಕಾದ ಮುಖ್ಯ ದ್ರಾವಣಗಳು ಮೂರೇ: ಚಿತ್ರ ಮೂಡಿಸುವ ಡೆವಲಪರ್, ಫಿಲ್ಮಿನಲ್ಲಿ ಉಳಿದ ಬೆಳ್ಳಿಯನ್ನು ಕರಗುವಂತೆ ಮಾಡುವ ಬ್ಲೀಚ್, ಅದನ್ನು ಕರಗಿಸಿ ತೆಗೆಯುವ ಫಿಕ್ಸರ್.

ಇವುಗಳಲ್ಲಿ ಬಣ್ಣ ಹುಟ್ಟುವುದು ಡೆವಲಪರ್‌ನಲ್ಲಿ ಮಾತ್ರ. ಬ್ಲೀಚ್ ಅಥವಾ ಫಿಕ್ಸರ್ ಸಾಲದೆ ಹೋದರೆ ಅದೇ ಫಿಲ್ಮನ್ನು ಇನ್ನೊಮ್ಮೆ ಹಾಕಿ ಸರಿಪಡಿಸಬಹುದು. ಡೆವಲಪರ್ ಕೈಕೊಟ್ಟರೆ ಆ ರೋಲ್ ಹೋದಂತೆಯೇ. ಹಾಗಾಗಿ ತಾಳ್ಮೆ, ಎಚ್ಚರ ಎಲ್ಲವನ್ನೂ ಜಾಸ್ತಿ ಅಲ್ಲೇ ಖರ್ಚು ಮಾಡಿ.

ಶುರು ಮಾಡುವ ಮುಂಚೆ

0.01 ಗ್ರಾಂವರೆಗೆ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ, ಒಳ್ಳೆಯ ಥರ್ಮಾಮೀಟರ್, ಸಾಧ್ಯವಾದರೆ ಪಿಎಚ್ ಮೀಟರ್ ಇರಲಿ. ನೀರು ಡಿಸ್ಟಿಲ್ಡ್ ಆಗಿರಬೇಕು. ಗಡಸು ನೀರಿನ ಕ್ಯಾಲ್ಸಿಯಂ ಡೆವಲಪರ್‌ನ ಕಾರ್ಬೊನೇಟ್ ಜೊತೆ ಸೇರಿ ಬಿಳಿ ಮಡ್ಡಿ ಕಟ್ಟುತ್ತದೆ.

ಅಡುಗೆಗೆ ಬಳಸುವ ಪಾತ್ರೆ, ಚಮಚ ಯಾವುದನ್ನೂ ಮುಟ್ಟಬೇಡಿ. ಇದಕ್ಕೇ ಅಂತ ಬೇರೆ ತೆಗೆದಿಡಿ. ಕಿಟಕಿ ತೆರೆದಿರಲಿ, ಪುಡಿ ತೂಗುವಾಗ ಮಾಸ್ಕ್ ಇರಲಿ, ಕೈಗೆ ನೈಟ್ರೈಲ್ ಗ್ಲೌಸ್ ಇರಲೇಬೇಕು. ಬಣ್ಣ ಹುಟ್ಟಿಸುವ ಸಿಡಿ-4 ಎಂಬ ಪುಡಿ ಚರ್ಮಕ್ಕೆ ಅಲರ್ಜಿ ತರಬಲ್ಲದು. ಒಮ್ಮೆ ಆ ಅಲರ್ಜಿ ಅಂಟಿಕೊಂಡರೆ ಮುಂದೆ ಚೂರು ತಗುಲಿದರೂ ಕೈಯೆಲ್ಲ ಕೆರೆತ, ಗುಳ್ಳೆ. ಈ ಒಂದು ವಿಷಯದಲ್ಲಿ ಉದಾಸೀನ ಬೇಡವೇ ಬೇಡ.

ಡೆವಲಪರ್

ಒಂದು ಲೀಟರ್‌ಗೆ ಲೆಕ್ಕ ಹೇಳುತ್ತೇನೆ. 800 ಮಿ.ಲೀ. ಉಗುರುಬೆಚ್ಚಗಿನ ನೀರಿನಿಂದ ಶುರು ಮಾಡಿ. ಒಂದು ಪೂರ್ತಿ ಕರಗಿದ ಮೇಲೆಯೇ ಇನ್ನೊಂದು ಹಾಕಬೇಕು.

ಮೊದಲು ಸೋಡಿಯಂ ಸಲ್ಫೈಟ್ 4.25 ಗ್ರಾಂ. ಗಾಳಿಯಿಂದ ಡೆವಲಪರ್ ಹಾಳಾಗದಂತೆ ತಡೆಯುವುದು ಇದರ ಕೆಲಸ. ಕಪ್ಪು-ಬಿಳುಪಿನ ಡಿ-76 ಡೆವಲಪರ್‌ನಲ್ಲಿ ಇದೇ ಸಲ್ಫೈಟ್ ಲೀಟರ್‌ಗೆ 100 ಗ್ರಾಂ ಇರುತ್ತದೆ. ಇಲ್ಲಿ ಯಾಕೆ ಇಷ್ಟೇ ಇಷ್ಟು? ಬೆಳ್ಳಿಯ ಜೊತೆ ಕೆಲಸ ಮುಗಿಸಿದ ಸಿಡಿ-4, ಫಿಲ್ಮ್ ಪದರದಲ್ಲೇ ಕೂತಿರುವ ಕಪ್ಲರ್‌ಗಳನ್ನು ಸೇರಿ ಬಣ್ಣವಾಗುತ್ತದೆ. ಸಲ್ಫೈಟ್ ಜಾಸ್ತಿ ಇದ್ದರೆ ಆ ಸಿಡಿ-4 ಕಪ್ಲರ್ ಮುಟ್ಟುವ ಮುಂಚೆಯೇ ಅದನ್ನು ಕಸಿದುಕೊಳ್ಳುತ್ತದೆ. ಆಗ ಬಣ್ಣ ಸಪ್ಪೆ. ಈ ಕಪ್ಲರ್ ವಿದ್ಯೆಯನ್ನು ಜರ್ಮನಿಯ ರುಡಾಲ್ಫ್ ಫಿಷರ್ 1912ರಲ್ಲೇ ಕಂಡುಹಿಡಿದಿದ್ದರು ಅನ್ನುವುದು ನನಗೆ ಈಗಲೂ ಬೆರಗಿನ ಸಂಗತಿ.

ನಂತರ ಪೊಟ್ಯಾಸಿಯಂ ಕಾರ್ಬೊನೇಟ್ 37.5 ಗ್ರಾಂ. ಇದು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ಗಟ್ಟಿಯಾಗಿ ಹೆಪ್ಪುಗಟ್ಟಿದ ಪುಡಿಯಲ್ಲಿ ತೂಕ ಸರಿ ಬರುವುದಿಲ್ಲ. ಆಮೇಲೆ ಪೊಟ್ಯಾಸಿಯಂ ಬ್ರೊಮೈಡ್ 1.5 ಗ್ರಾಂ.

ಈಗ ಪೊಟ್ಯಾಸಿಯಂ ಅಯೊಡೈಡ್, ಬೇಕಾದದ್ದು ಬರೀ 0.002 ಗ್ರಾಂ. ಅಷ್ಟನ್ನು ಯಾವ ಮನೆ ತಕ್ಕಡಿಯೂ ತೂಗದು. ಅದಕ್ಕೊಂದು ಉಪಾಯ ಇದೆ. 1 ಗ್ರಾಂ ಅಯೊಡೈಡನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ. ಅದರಿಂದ ಸಿರಿಂಜ್‌ನಲ್ಲಿ 2 ಮಿ.ಲೀ. ತೆಗೆದು ಹಾಕಿದರೆ ಲೆಕ್ಕ ಸರಿಹೋಯಿತು.

ಮುಂದೆ ಹೈಡ್ರಾಕ್ಸಿಲಮೈನ್ ಸಲ್ಫೇಟ್ 2.4 ಗ್ರಾಂ. ಸಲ್ಫೈಟ್ ಕಡಿಮೆ ಇರುವುದರಿಂದ ಕಾಪಾಡುವ ಕೆಲಸವನ್ನು ಇದೂ ಹಂಚಿಕೊಳ್ಳುತ್ತದೆ. ಇದೂ ವಿಷವೇ, ಗ್ಲೌಸ್ ತೆಗೆಯಬೇಡಿ. ಕಟ್ಟಕಡೆಗೆ ಸಿಡಿ-4, 4.75 ಗ್ರಾಂ. ನಿಧಾನವಾಗಿ ಕಲಕಿ, ನೊರೆ ಬರುವಂತೆ ಕಡೆಯಬೇಡಿ. ಗಾಳಿ ಸೇರಿದಷ್ಟೂ ಆಯಸ್ಸು ಕಡಿಮೆ. ಉಳಿದ ನೀರು ಸೇರಿಸಿ ಲೀಟರ್ ಮಾಡಿ.

ಪಿಎಚ್ 25 ಡಿಗ್ರಿಯಲ್ಲಿ 10.0ರ ಆಸುಪಾಸು ಇರಬೇಕು. ಮೀಟರನ್ನು ಪಿಎಚ್ 7 ಮತ್ತು 10ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿಕೊಂಡೇ ಅಳೆಯಿರಿ. ದ್ರಾವಣ ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನು ಬಳಸಬೇಡಿ. ನನ್ನ ಮಾತು ಕೇಳುವುದಾದರೆ, ಮಾಡಿದ ದಿನವೇ ಬಳಸಿ, ಒಂದು ರೋಲ್‌ಗೆ ಒಮ್ಮೆ ಬಳಸಿದ್ದನ್ನು ಇನ್ನೊಂದಕ್ಕೆ ಹಾಕಬೇಡಿ.

ಉಳಿದವು

ಬ್ಲೀಚ್‌ಗೆ ಲೀಟರ್‌ಗೆ ಪೊಟ್ಯಾಸಿಯಂ ಫೆರಿಸಯನೈಡ್ 40 ಗ್ರಾಂ, ಪೊಟ್ಯಾಸಿಯಂ ಬ್ರೊಮೈಡ್ 30 ಗ್ರಾಂ ಸಾಕು. ಹೆಸರು ಕೇಳಿದರೆ ಭಯವಾಗುತ್ತದೆ, ಅಲ್ವಾ? ಇದ್ದ ಹಾಗೆ ಬಿಟ್ಟರೆ ಇದರ ವಿಷ ಕಡಿಮೆಯೇ. ಆದರೆ ಗಾಢ ಆಸಿಡ್ ಅಥವಾ ಬಿಸಿ ಆಸಿಡ್ ತಗುಲಿದರೆ ಸಯನೈಡ್ ಅನಿಲ ಹೊರಡಬಹುದು. ಅಂಥ ಆಸಿಡ್ ಅದರ ಹತ್ತಿರವೂ ಬರಬಾರದು.

ಡೆವಲಪರ್ ಉಳಿದಿರುವ ಫಿಲ್ಮನ್ನು ನೇರ ಈ ಬ್ಲೀಚಿಗೆ ಹಾಕಿದರೆ ಕಲೆ ಬೀಳುತ್ತದೆ. ಹಾಗಾಗಿ ನಡುವೆ ಸ್ಟಾಪ್ ಬಾತ್ ಬೇಕು: 1 ಲೀಟರ್ ನೀರಿಗೆ 10 ಮಿ.ಲೀ. ಗ್ಲೇಶಿಯಲ್ (ಅಂದರೆ ನೀರು ಬೆರೆಸದ, ಗಾಢವಾದ) ಅಸಿಟಿಕ್ ಆಸಿಡ್. ಯಾವಾಗಲೂ ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ.

ಫಿಕ್ಸರ್ ಸುಲಭ. 60% ಅಮೋನಿಯಂ ಥಯೋಸಲ್ಫೇಟ್ 200 ಮಿ.ಲೀ., ಸೋಡಿಯಂ ಸಲ್ಫೈಟ್ 15 ಗ್ರಾಂ, ಉಳಿದದ್ದು ನೀರು, ಒಟ್ಟು ಒಂದು ಲೀಟರ್.

ತೊಳೆಯುವುದು

ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ, 3 ನಿಮಿಷ 15 ಸೆಕೆಂಡ್. ಬಾಟಲಿಗಳನ್ನೂ ಫಿಲ್ಮ್ ಇರುವ ಟ್ಯಾಂಕನ್ನೂ ಬಿಸಿನೀರಿನ ಬಕೆಟ್‌ನಲ್ಲಿ ಮೊದಲೇ ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆಯ ಟ್ಯಾಂಕಿಗೆ ಸುರಿದರೆ ಶಾಖ ಒಮ್ಮೆಲೇ ಇಳಿಯುತ್ತದೆ. ಮೊದಲ 30 ಸೆಕೆಂಡ್ ಬಿಡದೆ ತಿರುಗಿಸಿ, ಆಮೇಲೆ ಪ್ರತಿ 30 ಸೆಕೆಂಡಿಗೊಮ್ಮೆ ಕೆಲವು ಸಲ. ಶಾಖ, ಸಮಯ ತಪ್ಪಿದರೆ ಫಿಲ್ಮಿನ ಮೂರು ಬಣ್ಣದ ಪದರಗಳು ಒಂದೊಂದು ದಾರಿ ಹಿಡಿಯುತ್ತವೆ. ನೆರಳು ಹಸಿರು, ಬೆಳಕು ಗುಲಾಬಿ ಆಗಿ ಬಂದರೆ ಸ್ಕ್ಯಾನಿಂಗ್‌ನಲ್ಲಿ ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತದೆ.

ಇಲ್ಲಿಂದ ಮುಂದೆ ಉಸಿರು ಬಿಡಬಹುದು. ಸ್ಟಾಪ್ 1 ನಿಮಿಷ, ಚೆನ್ನಾಗಿ ನೀರು. ಬ್ಲೀಚ್ ಆರೂವರೆ ನಿಮಿಷ, ಮತ್ತೆ ನೀರು. ಫಿಕ್ಸರ್ ಆರೂವರೆ ನಿಮಿಷ, ಮತ್ತೆ 3-4 ನಿಮಿಷ ನೀರು. ಇವುಗಳ ಶಾಖ ಒಂದೆರಡು ಡಿಗ್ರಿ ಆಚೀಚೆ ಆದರೂ ತೊಂದರೆ ಇಲ್ಲ, ಸಮಯ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. ಹಾಲಿನಂಥ ಮಬ್ಬು ಕಂಡರೆ ಫಿಕ್ಸರ್‌ಗೆ ವಾಪಸ್ ಹಾಕಿ. ಚಿತ್ರ ಕಪ್ಪುಕಪ್ಪಾಗಿ, ಬಣ್ಣ ಮಂಕಾಗಿ ಕಂಡರೆ ಬೆಳ್ಳಿ ಉಳಿದಿದೆ ಅಂತ ಅರ್ಥ: ತೊಳೆದು ಬ್ಲೀಚ್‌ನಿಂದ ಮತ್ತೆ ಶುರು ಮಾಡಿ. ಕೊನೆಗೆ ಡಿಸ್ಟಿಲ್ಡ್ ನೀರಿಗೆ ನೀರಿನ ಕಲೆ ಉಳಿಯದಂತೆ ಮಾಡುವ ವೆಟಿಂಗ್ ಏಜೆಂಟ್ ಕೆಲವೇ ಹನಿ ಹಾಕಿ ಒಂದೂವರೆ ನಿಮಿಷ ಅದ್ದಿ, ಧೂಳಿಲ್ಲದ ಜಾಗದಲ್ಲಿ ನೇತುಹಾಕಿ.

ಮೊದಲ ಸಲ ಮದುವೆ, ಪ್ರವಾಸದ ರೋಲ್ ಹಾಕಬೇಡಿ. ಹಗಲು ಬೆಳಕಿನಲ್ಲಿ ಬೂದು ಕಾಗದ, ಒಬ್ಬರ ಮುಖ, ಬಿಳಿ ಬಟ್ಟೆ ಇರುವ ಚಿತ್ರಗಳನ್ನು ಸುಮ್ನೆ ತೆಗೆದು, ಆ ರೋಲನ್ನೇ ತೊಳೆದು ನೋಡಿ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಮಣ್ಣಿಗೆ, ಚರಂಡಿಗೆ ಸುರಿಯದೆ ಬೇರೆ ಡಬ್ಬದಲ್ಲಿ ಕೂಡಿಡಿ. ಬ್ಲೀಚನ್ನು ಅದಕ್ಕೆ ಬೆರೆಸದೆ ಇನ್ನೊಂದು ಡಬ್ಬಕ್ಕೆ ಹಾಕಿ. ಎರಡಕ್ಕೂ ಚೀಟಿ ಅಂಟಿಸಿ, ಕೆಮಿಕಲ್ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.