ಜಾಝ್ ಹುಚ್ಚನ್ನು ಇನ್ನೊಬ್ಬರಿಗೆ ಹತ್ತಿಸುವುದು ಹೇಗೆ?

ನಾನು ಮೊದಲ ಸಲ ಜಾಝ್ ಶಿಫಾರಸು ಮಾಡಿ ಮರ್ಯಾದೆ ಕಳೆದುಕೊಂಡದ್ದು ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ. ಎದುರಿಗೆ ತಟ್ಟೆ ಇಡ್ಲಿ ಮುರಿಯುತ್ತಿದ್ದ ಗೆಳೆಯನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್‌ನ ‘ಫ್ರೀ ಜಾಝ್’ ಹಾಕಿದೆ. 1961ರ ಆಲ್ಬಂ, ನಾಲ್ಕು ಜನರ ಎರಡು ತಂಡಗಳು, ಎಡಗಿವಿಗೊಂದು ಬಲಗಿವಿಗೊಂದು, ಏಕಕಾಲಕ್ಕೆ ನುಡಿಸುತ್ತವೆ. ಆತ ಎರಡು ನಿಮಿಷ ಕೇಳಿ, ‘ಇವರು ಇನ್ನೂ ಶ್ರುತಿ ಕೂಡಿಸಿಕೊಳ್ಳುತ್ತಿದ್ದಾರೋ?’ ಎಂದು ಕೇಳಿ ಚಟ್ನಿ ಹಾಕಿಸಿಕೊಂಡ. ತಪ್ಪು ನನ್ನದೇ.

ಆದ್ದರಿಂದ ಮೊದಲು ನಿಮ್ಮ ಪಟ್ಟಿಯನ್ನು ಜರಡಿ ಹಿಡಿಯಿರಿ. ಗೌರವಿಸುವ ಆಲ್ಬಂ ಬೇರೆ, ಮೆಚ್ಚಿನ ಆಲ್ಬಂ ಬೇರೆ. ಕಳೆದ ತಿಂಗಳು ಯಾರೂ ಹೇಳದೆ ನೀವಾಗಿಯೇ ಮತ್ತೆ ಹಾಕಿಕೊಂಡದ್ದು ಯಾವುದು? ಅದಷ್ಟೇ ಉಳಿಯಲಿ. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಂ’ ನನಗೆ ದೇವರ ಮನೆಯಿದ್ದಂತೆ. ನಾಲ್ಕು ಭಾಗಗಳ ಆ ಪ್ರಾರ್ಥನೆಯನ್ನು ಎದುರಿಗೆ ಜನವಿದ್ದಾಗ ಹಾಕಲು ಮನಸ್ಸಾಗುವುದಿಲ್ಲ. ಶಿಫಾರಸಿನ ಪಟ್ಟಿಯಿಂದ ಅದು ಹೊರಗೆ.

ಎರಡನೆಯದು, ಕೇಳುವವರ ಕಿವಿಯಲ್ಲಿ ಈಗಾಗಲೇ ಏನಿದೆ ಎಂದು ತಿಳಿಯುವುದು. ‘ನಿಮಗೆ ಯಾವ ಸಂಗೀತ ಇಷ್ಟ?’ ಎಂದರೆ ‘ಎಲ್ಲವೂ’ ಎಂಬ ಉತ್ತರ ಬರುತ್ತದೆ, ಪ್ರಯೋಜನವಿಲ್ಲ. ಕೆಲಸ ಮಾಡುವಾಗ ಏನು ಗುನುಗುತ್ತಾರೆ ಎಂಬುದನ್ನು ಗಮನಿಸಿ. ಗುಬ್ಬಿ ನಾಟಕ ಕಂಪನಿಯ ಊರಿನವರು ನಾವು. ರಂಗಗೀತೆ ಕೇಳಿ ಬೆಳೆದ ಹಿರಿಯರಿಗೆ ಹಾಡುವ ದನಿ ಬೇಕು. ಅವರಿಗೆ 1956ರ ‘ಎಲ್ಲಾ ಆ್ಯಂಡ್ ಲೂಯಿ’ ಕೊಡಿ. ಎಲ್ಲಾ ಫಿಟ್ಜೆರಾಲ್ಡ್‌ಳ ನಯವಾದ ದನಿಯ ಪಕ್ಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್‌ನ ಜಲ್ಲಿ ಸುರಿದಂತಹ ದನಿ ಬಂದಾಗ ಯಾರೂ ನಗದೇ ಇರುವುದಿಲ್ಲ. ಮದುವೆ ಮಂಟಪದಲ್ಲಿ ಸ್ಯಾಕ್ಸೊಫೋನ್ ಕೇಳಿದವರಿಗೆ ‘ಕಿನ್ಸ್‌ಮೆನ್’ ಇದೆ: 2008ರಲ್ಲಿ ನಮ್ಮ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಂತಪ್ಪ ಜೊತೆಯಾಗಿ ನುಡಿಸಿದ್ದು.

ತಾಳ ಹಾಕುವ ಚಟವಿರುವವರ ವಿಷಯದಲ್ಲಿ ನನಗೆ ಸಂದೇಹವೇ ಇಲ್ಲ. ಪಿಯಾನೊ ವಾದಕ ಡೇವ್ ಬ್ರೂಬೆಕ್ ತಂಡದ ‘ಟೈಮ್ ಔಟ್’, 1959. ಅದರಲ್ಲಿ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಹಾಕಿ, ಮೇಜಿನ ಮೇಲೆ ಐದು ಎಣಿಸಿ ತೋರಿಸಿ. ನಮ್ಮ ಖಂಡಛಾಪು ‘ತಕ ತಕಿಟ’ ಎಂದು ನಡೆದರೆ ಇದು ತಿರುಗಿಸಿ ‘ತಕಿಟ ತಕ’ ಎನ್ನುತ್ತದೆ. ನಡುವೆ ಡ್ರಮ್ಸ್‌ಗೆ ತನಿ, ಅಂದರೆ ತಾನೊಂದೇ ಮೆರೆಯುವ ಸರದಿ, ಸಿಗುತ್ತದೆ. ಆದರೆ ಪಿಯಾನೊ ಆ ಐದನ್ನೇ ಹಿಡಿದು ಕುಳಿತಿರುತ್ತದೆ, ಕಚೇರಿಯಲ್ಲಿ ತಾಳ ಹಾಕುತ್ತ ಕುಳಿತ ಗಾಯಕನ ಹಾಗೆ. ಇಷ್ಟು ತಿಳಿದರೆ ಉಳಿದದ್ದಕ್ಕೆ ವಿವರಣೆ ಬೇಕಾಗದು.

ರಾಗ ಬಲ್ಲವರಿಗೆ ಅದೇ ವರ್ಷದ ಇನ್ನೊಂದು: ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’. ಮೊದಲ ತುಣುಕು ‘ಸೋ ವಾಟ್’ನಲ್ಲಿ ಬಾಸ್ (ಕೆಳಸ್ಥಾಯಿಯ ದೊಡ್ಡ ತಂತಿವಾದ್ಯ) ಒಂದು ಪ್ರಶ್ನೆ ಎಸೆಯುತ್ತದೆ, ಉಳಿದವರು ಎರಡೇ ಸ್ವರಗಳಲ್ಲಿ ಉತ್ತರಿಸುತ್ತಾರೆ. ಸ್ವರಸ್ಥಾನಗಳು ಖರಹರಪ್ರಿಯದವೇ, 32 ಬಾರ್‌ಗಳ ಆವರ್ತದಲ್ಲಿ (ಒಂದು ಬಾರ್ ಎಂದರೆ ಇಲ್ಲಿ ನಾಲ್ಕೆಣಿಕೆಯ ಒಂದು ಸುತ್ತು) ಎಂಟು ಬಾರ್ ಮಾತ್ರ ಷಡ್ಜ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ. ಗಮಕ ಹುಡುಕಬೇಡಿ, ಅದು ಅಲ್ಲಿಲ್ಲ. ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುವವರು ಕಿಟಕಿ ಪಕ್ಕ ಸೀಟು ಸಿಕ್ಕ ದಿನ ಇದನ್ನು ಹಾಕಿಕೊಳ್ಳಲಿ. ಆಲ್ಬಂ ಇರುವುದು ಮುಕ್ಕಾಲು ಗಂಟೆ. ಯಶವಂತಪುರ ಬರುವ ಮೊದಲೇ ಮುಗಿಯುತ್ತದೆ.

ಕೊಡುವ ರೀತಿಯೂ ಮುಖ್ಯ. ಒಮ್ಮೆಗೆ ಒಂದೇ ತುಣುಕು ಕಳಿಸಿ; ಹತ್ತು ಕಳಿಸಿದರೆ ಒಂದನ್ನೂ ಕೇಳುವುದಿಲ್ಲ. ‘ಹೇಗಿತ್ತು?’ ಎಂದು ಮರುದಿನವೇ ಪೀಡಿಸಬೇಡಿ. ಸಂಗೀತ ನಡೆಯುವಾಗ ಪಕ್ಕದಲ್ಲಿ ಕುಳಿತು ‘ಈಗ ನೋಡಿ, ಈಗ ನೋಡಿ’ ಎನ್ನುವ ಅಭ್ಯಾಸವಿದ್ದರೆ (ನನಗಿದೆ) ಎದ್ದು ಹೋಗಿ ಕಾಫಿ ಮಾಡಿ.

ಮೊನ್ನೆ ಅದೇ ತಟ್ಟೆ ಇಡ್ಲಿ ಗೆಳೆಯ ಫೋನ್ ಮಾಡಿ, ‘ಟೇಕ್ ಫೈವ್’ನಲ್ಲಿ ಡ್ರಮ್ಸ್ ನುಡಿಸಿದವನು ಯಾರು ಎಂದು ಕೇಳಿದ. ಜೋ ಮೊರೆಲೊ ಎಂದೆ. ಅವನದು ಇನ್ನೊಂದು ಇದ್ದರೆ ಕಳಿಸು ಎಂದ. ಅದೇ ಆಲ್ಬಂನ ‘ಬ್ಲೂ ರೊಂಡೊ’ ಕಳಿಸಿದ್ದೇನೆ. ಒಂಬತ್ತು ಮಾತ್ರೆ, ಎಲ್ಲಿ ಮುರಿಯುತ್ತದೆ ಎಂದು ಹೇಳಿಲ್ಲ, ಎಣಿಸಿಕೊಳ್ಳಲಿ.