ಕತ್ತಿ ಅದ್ದಿ ನೋಡದೇ ಶುರು ಮಾಡಿದ ಸಂಶೋಧನೆ

ನಮ್ಮ ಮನೆ ಇರುವುದು ಶಿರಸಿಯಿಂದ ಸ್ವಲ್ಪ ಒಳಗೆ, ಸೋಂದಾ ಕಡೆ. ಎರಡೆಕರೆ ಅಡಿಕೆ ತೋಟ. ನನ್ನ ಪಿಎಚ್‌ಡಿ ಬಾಯಿ ಕ್ಯಾನ್ಸರಿನ ಕೋಶಗಳ ಮೇಲೆ. ಇವೆರಡನ್ನೂ ಒಟ್ಟಿಗೆ ಹೇಳಿದರೆ ನಮ್ಮೂರಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಬಾಯಲ್ಲಿ ಕವಳ (ಎಲೆ ಅಡಿಕೆ) ಇದ್ದವರು ಇನ್ನೂ ಸ್ವಲ್ಪ ಜಾಸ್ತಿ ಹೊತ್ತು.

ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು.

ನಾನು ಹುಡುಕುತ್ತಿದ್ದದ್ದು ಇಷ್ಟು: ಕ್ಯಾನ್ಸರ್ ಕೋಶ ಏನು ತಿನ್ನುತ್ತದೆ ಎನ್ನುವುದಕ್ಕೂ, ಅದರ ಒಳಗೆ ಯಾವ ಜೀನ್ ಕೆಲಸ ಮಾಡುತ್ತದೆ ಎನ್ನುವುದಕ್ಕೂ ಏನು ಸಂಬಂಧ? ಆಯಿಗೆ, ಅಂದರೆ ಅಮ್ಮನಿಗೆ, ಇದನ್ನು ಹೇಳಲು ಮೊಸರಿನಿಂದ ಶುರು ಮಾಡಬೇಕಾಯಿತು. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ, ಅದಕ್ಕೇ ಹುಳಿ. ನಮ್ಮ ಸ್ನಾಯುವಿನ ಕೋಶವೂ ಆಮ್ಲಜನಕ ಸಾಲದೇ ಇದ್ದಾಗ ಅದನ್ನೇ ಮಾಡುತ್ತದೆ. ಆದರೆ ಕ್ಯಾನ್ಸರ್ ಕೋಶ ಆಮ್ಲಜನಕ ಬೇಕಾದಷ್ಟು ಇದ್ದರೂ ಗ್ಲೂಕೋಸನ್ನು ಅರ್ಧಂಬರ್ಧ ಉರಿಸಿ ಹುಳಿ ಮಾಡುತ್ತದೆ. ಜರ್ಮನಿಯ ಆಟೊ ವಾರ್‌ಬರ್ಗ್ ಇದನ್ನು 1920ರ ದಶಕದಲ್ಲೇ ಕಂಡಿದ್ದ. ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಸಿಗುವ ಕಡೆ ಬರೀ 2 ತೆಗೆದು ಉಳಿದದ್ದನ್ನು ಹೊರಗೆ ಚೆಲ್ಲುತ್ತದೆ. ಆಯಿ ಕೇಳಿ, ‘ಶುದ್ಧ ದಂಡ’ ಅಂದಳು. ಪೂರ್ತಿ ದಂಡವೂ ಅಲ್ಲ. ಬೇಗ ಬೇಗ ಎರಡಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು, ಮೈ ಕಟ್ಟಲು ಸಾಮಾನೂ ಬೇಕು. ಅರ್ಧ ಮುರಿದ ಗ್ಲೂಕೋಸಿನಿಂದ ಆ ಸಾಮಾನು ಸಿಗುತ್ತದೆ.

ನನಗೆ ಬೇಕಿದ್ದದ್ದು ಆ ಸಾಮಾನಿನಲ್ಲಿ ಒಂದು, ಅಸಿಟೈಲ್ ಎಂಬ ಸಣ್ಣ ತುಣುಕನ್ನು ಹೊತ್ತಿರುವ ಅಸಿಟೈಲ್ ಕೋಎ. ಒಂದೊಂದು ಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ಉಂಡೆಗೆ ಹುರಿ ಸುತ್ತಿದ ಹಾಗೆ. ಹಿಸ್ಟೋನಿಗೆ ಅಸಿಟೈಲ್ ಅಂಟಿದರೆ ಸುತ್ತು ಸಡಿಲವಾಗಿ ಅಲ್ಲಿನ ಜೀನ್ ಓದಲು ಸಿಗುತ್ತದೆ. ಕಿತ್ತರೆ ಬಿಗಿ. ಡಿಎನ್‌ಎ ಅಕ್ಷರ ಒಂದೂ ಬದಲಾಗುವುದಿಲ್ಲ. ಎಪಿಜೆನೆಟಿಕ್ಸ್ ಅನ್ನುವುದು ಇಂಥದ್ದಕ್ಕೆ. ಅಂಟಿಸುವ ಅಸಿಟೈಲ್ ಬರುವುದು ಅಸಿಟೈಲ್ ಕೋಎಯಿಂದ, ಅದು ಬರುವುದು ಬಹುಪಾಲು ಗ್ಲೂಕೋಸಿನಿಂದ. ಅಂದರೆ ಊಟ ಕಡಿಮೆಯಾದರೆ ಜೀನಿನ ಬಾಗಿಲೂ ಮುಚ್ಚಬೇಕು, ಅಲ್ವಾ?

ನೋಡುವ ಕ್ರಮ ಕೇಳಲು ಸುಲಭ. ನಾಲಿಗೆಯ ಕ್ಯಾನ್ಸರಿನಿಂದ ಬಂದ ಕ್ಯಾಲ್-27 ಎಂಬ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತೇವೆ. ಅವುಗಳಿಗೆ ಊಟ ಎಂದರೆ ಮೀಡಿಯಂ ಎಂಬ ಕೆಂಪು ನೀರು. ಒಂದು ತಟ್ಟೆಗೆ ಜಾಸ್ತಿ ಗ್ಲೂಕೋಸ್, ಇನ್ನೊಂದಕ್ಕೆ ಕಡಿಮೆ. ಎರಡು ದಿನ ಬಿಟ್ಟು ಕೋಶಗಳನ್ನು ಐಸ್ ಮೇಲೆ ಕೆರೆದು, ಹಿಸ್ಟೋನ್ ತೆಗೆದು, ಪ್ರೋಟೀನನ್ನು ಗಾತ್ರದ ಮೇಲೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ, ಅಸಿಟೈಲ್ ಎಷ್ಟಿದೆ ಎಂದು ಪ್ರೋಟೀನನ್ನು ಗೆರೆಯಾಗಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡುವುದು. ಹಿಸ್ಟೋನ್ ತೀರಾ ಸಣ್ಣದು. ಸ್ವಲ್ಪ ಮೈಮರೆತರೆ ಜೆಲ್ ಕೆಳಗಿಂದ ಓಡಿಯೇ ಹೋಗುತ್ತದೆ. ನಾಲ್ಕು ಸಲ ಹೋಗಿದೆ.

ಮೊದಲ ಆರು ತಿಂಗಳ ಫಲಿತಾಂಶ ಎಷ್ಟು ಚಂದ ಬಂತು ಅಂದರೆ ನನಗೇ ನಂಬಿಕೆ ಬರಲಿಲ್ಲ. ನಂಬದೇ ಇದ್ದಿದ್ದರೆ ಒಳ್ಳೆಯದಿತ್ತು. ಒಂದು ದಿನ ಬೇರೆ ಯಾವುದೋ ಕೆಲಸಕ್ಕೆ ಕೋಶಗಳಿಗೆ ಡಿಎನ್‌ಎಗೆ ಅಂಟುವ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನಡುವೆ ದೊಡ್ಡ ನೀಲಿ ಕೋಶಕೇಂದ್ರ ಮಾತ್ರ ಕಾಣಬೇಕು. ಅದರ ಸುತ್ತ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ನೀಲಿ ಚುಕ್ಕಿ. ಮೈಕೋಪ್ಲಾಸ್ಮಾ. ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಅದನ್ನೇ ಹೇಳಿತು.

ಇದು ಬ್ಯಾಕ್ಟೀರಿಯಾದಲ್ಲೇ ಬಹಳ ಸಣ್ಣ ಜಾತಿ. ಮೀಡಿಯಂ ಕದಡುವುದಿಲ್ಲ, ವಾಸನೆ ಬರುವುದಿಲ್ಲ. ನಾವು ಮೀಡಿಯಂ ಸೋಸುವ 0.2 ಮೈಕ್ರೋಮೀಟರ್ ಫಿಲ್ಟರಿನಲ್ಲೂ ನುಸುಳುತ್ತದೆ. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ಹಾಕಿದರೂ ಅದಕ್ಕೆ ಲೆಕ್ಕವಿಲ್ಲ. ಕೋಶದ ಊಟದಲ್ಲಿ ಪಾಲು ತಿಂದುಕೊಂಡು ಹಾಯಾಗಿರುತ್ತದೆ. ನಾನು ಅಳೆಯುತ್ತಿದ್ದದ್ದೇ ಊಟದ ಲೆಕ್ಕ! ಪಂಕ್ತಿಯಲ್ಲಿ ಕರೆಯದ ನೆಂಟರು ಕೂತಿದ್ದರು, ನಾನು ಬಡಿಸಿದ್ದೆಲ್ಲ ಕ್ಯಾನ್ಸರ್ ಕೋಶ ತಿಂತು ಎಂದು ಬರೆದುಕೊಂಡಿದ್ದೆ. ಪರೀಕ್ಷೆ ಅರ್ಧ ದಿನದ ಕೆಲಸ. ಮೊದಲೇ ಮಾಡಿರಲಿಲ್ಲ, ಅಷ್ಟೇ.

ಎಲ್ಲ ಬಿಸಾಡಿ, ಕೋಶದ ತಟ್ಟೆಗಳನ್ನು ಬೆಚ್ಚಗೆ ಇಡುವ ಇನ್‌ಕ್ಯುಬೇಟರ್ ತೊಳೆದು, ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಮನೆಗೆ ಬಂದೆ. ಜೂನ್ ಶುರು, ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲ. ಅಪ್ಪ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಡ್ರಮ್ಮಿನಲ್ಲಿ ಕಲಸುತ್ತಿದ್ದ. ಕೊನೆಗೌಡ ಮರ ಹತ್ತಲು ತಯಾರಾಗಿ ಕೂತಿದ್ದ. ಆದರೂ ಅಪ್ಪ ಅವಸರ ಮಾಡಲಿಲ್ಲ. ಬೂದಿ ಹಾಕಿ ಫಳಫಳ ತಿಕ್ಕಿದ ಕತ್ತಿಯನ್ನು ಮಿಶ್ರಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದು ಬಿಸಿಲಿಗೆ ಹಿಡಿದ. ಅಲಗಿನ ಮೇಲೆ ತೆಳ್ಳಗೆ ಕೆಂಪು ತಾಮ್ರ ಕೂತಿತ್ತು. ಹುಳಿ ಜಾಸ್ತಿ ಇದೆ, ಸುಣ್ಣ ಸಾಲದು ಎಂದು ಅರ್ಥ. ಹಾಗೇ ಹೊಡೆದರೆ ಎಳೆಕಾಯಿ ಸುಡುತ್ತದೆ. ಮತ್ತೆರಡು ಚೊಂಬು ಸುಣ್ಣದ ನೀರು ಹಾಕಿ, ಕತ್ತಿ ಒರೆಸಿ, ಮತ್ತೆ ಅದ್ದಿದ.

ಅಲ್ಲೇ ನಿಂತು ನನ್ನ ಕಥೆ ಹೇಳಿದೆ. ‘ಕತ್ತಿ ಅದ್ದಿ ನೋಡ್ದೇ ಆರ್ ತಿಂಗ್ಳು ಹೊಡದ್ಯನೇ ಕೂಸೆ?’ ಎಂದ. ಗೈಡ್ ಒಂದು ಗಂಟೆ ಬೈದದ್ದಕ್ಕಿಂತ ಇದು ಜಾಸ್ತಿ ತಾಗಿತು.

ಎರಡನೇ ಸಲ ಎಲ್ಲವನ್ನೂ ಅನುಮಾನದಿಂದಲೇ ನೋಡಿದೆ. ಆಗ ಇನ್ನೂ ಎರಡು ತಪ್ಪು ಸಿಕ್ಕವು. ಒಂದು, ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ ಮೀಡಿಯಂನಲ್ಲಿ ಗ್ಲೂಕೋಸ್ ಲೀಟರಿಗೆ 4.5 ಗ್ರಾಂ. ಆರೋಗ್ಯವಂತರ ರಕ್ತದಲ್ಲಿ ಉಪವಾಸದಲ್ಲಿ ಒಂದು ಗ್ರಾಮಿನ ಆಸುಪಾಸು. ನಾನು ‘ಕಡಿಮೆ’ ಎಂದು ಬರೆದ ತಟ್ಟೆಯೇ ನಮ್ಮ ಮೈಗೆ ಹತ್ತಿರದ್ದು, ‘ಮಾಮೂಲಿ’ ಎಂದದ್ದು ವಿಪರೀತ ಸಕ್ಕರೆ ಕಾಯಿಲೆಯ ರಕ್ತದ ಹಾಗೆ. ಇನ್ನೊಂದು, ಕಡಿಮೆ ಕೊಟ್ಟ ತಟ್ಟೆಯಲ್ಲಿ ಎರಡನೇ ದಿನ ಗ್ಲೂಕೋಸ್ ಅಳೆದರೆ ಹೆಚ್ಚುಕಡಿಮೆ ಖಾಲಿ. ಅದು ಕಡಿಮೆ ಊಟವಲ್ಲ, ಉಪವಾಸ. ಅಲ್ಲಿಂದ ಮುಂದೆ 12 ಗಂಟೆಗೊಮ್ಮೆ ಮೀಡಿಯಂ ಬದಲಿಸಿದೆ. ಬೆಳಿಗ್ಗೆ ಒಂಬತ್ತು, ರಾತ್ರಿ ಒಂಬತ್ತು. ಮೀಡಿಯಂಗೆ ಬೆರೆಸುವ ಸೀರಂ ಎಂಬ ರಕ್ತದ ತಿಳಿಯಲ್ಲೂ ಗ್ಲೂಕೋಸ್ ಇರುವುದರಿಂದ, ಡಯಾಲಿಸಿಸ್ ಮಾಡಿ ಅದನ್ನು ತೆಗೆದ ಸೀರಂ ತರಿಸಿದೆ. ದುಬಾರಿ, ಆದರೆ ಬೇರೆ ದಾರಿ ಇಲ್ಲ. ತಿಂಗಳಿಗೊಮ್ಮೆ ಮೈಕೋಪ್ಲಾಸ್ಮಾ ಪರೀಕ್ಷೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ‘ಕತ್ತಿ’ ಎಂದು ಬರೆಯುತ್ತಿದ್ದೆ. ಜೂನಿಯರ್‌ಗಳಿಗೆ ಅದು ಏನು ಎಂದು ಬಹಳ ದಿನ ತಿಳಿದಿರಲಿಲ್ಲ.

ಮೀಡಿಯಂನಲ್ಲಿರುವ ಫೀನಾಲ್ ರೆಡ್ ಎಂಬ, ಹುಳಿ ತೋರಿಸುವ ಬಣ್ಣ ಕೂಡ ಒಂಥರಾ ಕತ್ತಿಯೇ. ಹೊಸದಿದ್ದಾಗ ದಾಸವಾಳದ ಕೆಂಪು, ಕೋಶ ಲ್ಯಾಕ್ಟಿಕ್ ಆಮ್ಲ ಬಿಟ್ಟ ಹಾಗೆ ಕಿತ್ತಳೆ, ಆಮೇಲೆ ಹಳದಿ. ಅಳತೆಗೆ ಸಾಲದು, ಆದರೆ ಇನ್‌ಕ್ಯುಬೇಟರ್ ಬಾಗಿಲು ತೆಗೆದ ಕೂಡಲೇ ತಟ್ಟೆ ಹೇಗಿದೆ ಎಂದು ಗೊತ್ತಾಗುತ್ತದೆ.

ಮತ್ತೆ ಮಾಡಿದಾಗ ನನ್ನ ಚಂದದ ಗ್ರಾಫ್ ಅರ್ಧಕ್ಕೆ ಇಳಿಯಿತು. ಗ್ಲೂಕೋಸ್ ತಗ್ಗಿದರೆ ಹಿಸ್ಟೋನ್ ಮೇಲಿನ ಅಸಿಟೈಲ್ ತಗ್ಗುವುದು ನಿಜ, ಆದರೆ ಮೊದಲು ಕಂಡಷ್ಟಲ್ಲ. ಆ ತಟ್ಟೆಗೆ ಸ್ವಲ್ಪ ಅಸಿಟೇಟ್ ಹಾಕಿದೆ, ವಿನಿಗರಿನ ಆಮ್ಲದ ಲವಣ. ಕೋಶ ಅದರಿಂದಲೂ ಅಸಿಟೈಲ್ ಕೋಎ ಮಾಡಿಕೊಳ್ಳಬಲ್ಲದು. ಬ್ಲಾಟ್ ಮೇಲೆ ಮಾಸಿದ ಗೆರೆ ಸುಮಾರು ಮಟ್ಟಿಗೆ ವಾಪಸ್ ಬಂತು. ಆ ಗೆರೆಯ ಅಗಲ ಅರ್ಧ ಸೆಂಟಿಮೀಟರ್ ಇರಬಹುದು. ಥೀಸಿಸ್ ನಿಂತಿರುವುದು ಅದರ ಮೇಲೆ. ಇದನ್ನು ಮೊದಲು ಕಂಡವಳು ನಾನಲ್ಲ. ಬೇರೆ ಕೋಶಗಳಲ್ಲಿ 2009ರಲ್ಲೇ ಅಮೆರಿಕದ ಸಂಶೋಧಕರು ಇಂಥದ್ದನ್ನು ತೋರಿಸಿದ್ದರು. ಬಾಯಿ ಕ್ಯಾನ್ಸರಿನ ಕೋಶದಲ್ಲಿ ಯಾವ ಯಾವ ಜೀನ್ ಹೀಗೆ ಮುಚ್ಚಿ ತೆರೆಯುತ್ತದೆ ಎನ್ನುವುದಷ್ಟೇ ನನ್ನ ಪಾಲು.

ಇನ್ನು ಅಡಿಕೆಯ ವಿಷಯ. ಥೀಸಿಸ್‌ನ ಮೊದಲ ಅಧ್ಯಾಯದಲ್ಲಿ ಒಂದು ವಾಕ್ಯ ಬರೆಯಲೇಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಹೊಗೆಸೊಪ್ಪು ಇಲ್ಲದ ಕವಳವನ್ನೂ, ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಓದಿ ಈ ವಾಕ್ಯ ಟೈಪ್ ಮಾಡುವಾಗ ಕೈ ತಡೆಯಿತು. ನಮ್ಮಲ್ಲಿ ಹಲವರು ‘ಅದೆಲ್ಲ ಗುಟ್ಕಾದಿಂದ, ಅಡಿಕೆಯಿಂದಲ್ಲ’ ಎನ್ನುತ್ತಾರೆ. ನನಗೂ ಹಾಗೇ ಹೇಳುವ ಆಸೆ ಇತ್ತು. ಓದಿದ ಮೇಲೆ ಹೇಳಲಾಗಲಿಲ್ಲ.

ಅಪ್ಪ ಹೊಗೆಸೊಪ್ಪು ಬಿಟ್ಟ. ಅಡಿಕೆ ಬಿಟ್ಟಿಲ್ಲ. ಅದಕ್ಕೇ ಊರಿಗೆ ಹೋದಾಗಲೆಲ್ಲ ಅವನನ್ನು ಜಗಲಿಯ ಬೆಳಕಿಗೆ ಕೂರಿಸಿ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆಯಾ ಎಂದು ಟಾರ್ಚ್ ಬಿಟ್ಟು ನೋಡುತ್ತೇನೆ. ಆಮೇಲೆ ಅವನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಇಡಲು ಹೇಳುತ್ತೇನೆ. ಅಡಿಕೆಯಿಂದ ಬಾಯಿಯ ಒಳಚರ್ಮ ಬಿಗಿದುಕೊಳ್ಳುವ ಕಾಯಿಲೆ ಶುರುವಾದರೆ ಮೂರು ಬೆರಳು ಹಿಡಿಸುವುದಿಲ್ಲ. ‘ಪಿಎಚ್‌ಡಿ ಮುಗತ್ತಲೇ, ಇನ್ನೆಂತಕ್ಕೆ?’ ಎಂದು ಗೊಣಗುತ್ತಲೇ ಬಾಯಿ ತೆರೆಯುತ್ತಾನೆ. ಈ ಮಳೆಗಾಲದಲ್ಲಿ ಮೂರೂ ಸರಾಗ ಹಿಡಿಸಿದವು. ಬೆರಳು ತೆಗೆದವನೇ ಕವಳದ ಸಂಚಿಗೆ ಕೈ ಹಾಕಿದ. ಆಯಿ ಅದನ್ನು ಆಗಲೇ ಎತ್ತಿ ಒಳಗಿಟ್ಟಿದ್ದಳು.